ತಲೆಬುರುಡೆ ಮತ್ತು ಕುತ್ತಿಗೆ ಕೂಡುವ ಭಾಗದ ನ್ಯೂನತೆಗಳು: ಲಕ್ಷಣಗಳು, ರೋಗನಿರ್ಣಯ ಹಾಗೂ ಸೌಲಭ್ಯ ಪಡೆಯುವ ಕ್ರಮ

1. ಪೀಠಿಕೆ

ತಲೆಬುರುಡೆಯ ತಳಭಾಗವು ಕುತ್ತಿಗೆಯ ಮೇಲಿನ ಎರಡು ಮೂಳೆಗಳೊಡನೆ ಕೂಡುವ ಸ್ಥಳವನ್ನು ವೈದ್ಯರು ಕ್ರೇನಿಯೋವರ್ಟಿಬ್ರಲ್ ಜಂಕ್ಷನ್ ಅಥವಾ ಸಂಕ್ಷಿಪ್ತವಾಗಿ ಸಿ.ವಿ.ಜೆ. ಎಂದು ಕರೆಯುತ್ತಾರೆ. ಈ ಭಾಗದಲ್ಲಿ ಹುಟ್ಟಿನಿಂದಲೇ ಇರುವ ಅಥವಾ ಅನಂತರ ಉಂಟಾಗುವ ನ್ಯೂನತೆಗಳು ಮೆದುಳುಕಾಂಡ ಹಾಗೂ ಬೆನ್ನುಹುರಿಯ ಮೇಲೆ ಒತ್ತಡವನ್ನುಂಟುಮಾಡಿ ಕೈಕಾಲುಗಳ ಬಲಹೀನತೆ, ನುಂಗುವ ತೊಂದರೆ ಮತ್ತು ಕೆಲವೊಮ್ಮೆ ಉಸಿರಾಟದ ಅಪಾಯಕ್ಕೆ ಕಾರಣವಾಗುತ್ತವೆ.

ಪಾಶ್ಚಾತ್ಯ ದೇಶಗಳಲ್ಲಿ ಈ ಭಾಗದ ತೊಂದರೆಗಳಿಗೆ ಸಂಧಿವಾತವು ಬಹುಕಾಲ ಮುಖ್ಯ ಕಾರಣವಾಗಿದ್ದರೆ, ಭಾರತದಲ್ಲಿ ಜನ್ಮಜಾತ ನ್ಯೂನತೆಗಳು ಹೆಚ್ಚಾಗಿ ಕಂಡುಬರುತ್ತವೆ. ಮುಂಬಯಿಯ ನರರೋಗ ತಜ್ಞ ಡಾ. ಎನ್. ಎಚ್. ವಾಡಿಯಾ ಅವರು ಇಂತಹ 28 ರೋಗಿಗಳ ವಿವರಗಳನ್ನು 1967ರಲ್ಲಿಯೇ ಪ್ರಕಟಿಸಿದ್ದರು. ಈ ನ್ಯೂನತೆಗಳಲ್ಲಿ ಬಹುಪಾಲು ಚಿಕಿತ್ಸೆಗೆ ಒಳಪಡುವಂಥವು. ಆದರೆ ಬೆನ್ನುಹುರಿಗೆ ತೀವ್ರ ಹಾನಿಯಾಗುವ ಮೊದಲು ಪತ್ತೆಯಾಗುವುದು ಅತ್ಯಗತ್ಯ. ಈ ಪುಟದಲ್ಲಿ ರೋಗದ ಸ್ವರೂಪ, ಪರೀಕ್ಷೆಗಳು, ವರದಿಗಳ ಅರ್ಥ ಹಾಗೂ ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಕ್ರಮವನ್ನು ವಿವರಿಸಲಾಗಿದೆ.

2. ಈ ಭಾಗದ ರಚನೆ

ಕುತ್ತಿಗೆಯಲ್ಲಿ ಒಟ್ಟು 7 ಮೂಳೆಗಳಿವೆ. ಮೊದಲನೆಯದು ಅಟ್ಲಾಸ್. ಇದು ಉಂಗುರದ ಆಕಾರದಲ್ಲಿದ್ದು ತಲೆಬುರುಡೆಯನ್ನು ಹೊರುತ್ತದೆ. ಎರಡನೆಯದು ಆಕ್ಸಿಸ್. ಇದರಿಂದ ಹಲ್ಲಿನಂತೆ ಮೇಲಕ್ಕೆ ಚಾಚಿರುವ ಭಾಗಕ್ಕೆ ಒಡಾಂಟಾಯ್ಡ್ ಎಂದು ಹೆಸರು. ಈ ಗೂಟವು ಅಟ್ಲಾಸ್ ಉಂಗುರದ ಮುಂಭಾಗದಲ್ಲಿ ಕುಳಿತಿರುತ್ತದೆ. ಅದು ಹಿಂದಕ್ಕೆ ಸರಿಯದಂತೆ ಒಂದು ಬಲವಾದ ಅಡ್ಡ ಅಸ್ಥಿರಜ್ಜು ಹಿಡಿದಿರುತ್ತದೆ.

ನಾವು ತಲೆಯನ್ನು ಮೇಲೆ ಕೆಳಗೆ ಆಡಿಸುವ ಚಲನೆಯಲ್ಲಿ ತಲೆಬುರುಡೆ ಮತ್ತು ಅಟ್ಲಾಸ್ ನಡುವಿನ ಕೀಲಿನ ಪಾಲು ದೊಡ್ಡದು. ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಚಲನೆಯ ಸುಮಾರು ಅರ್ಧಭಾಗವು ಅಟ್ಲಾಸ್ ಮತ್ತು ಆಕ್ಸಿಸ್ ನಡುವೆಯೇ ನಡೆಯುತ್ತದೆ. ಇಷ್ಟೊಂದು ಚಲನೆಯಿರುವ ಈ ಸ್ಥಳದಲ್ಲಿಯೇ ತಲೆಬುರುಡೆಯ ತಳದಲ್ಲಿರುವ ಮಹಾರಂಧ್ರದ ಮೂಲಕ ಮೆದುಳುಕಾಂಡವು ಬೆನ್ನುಹುರಿಯಾಗಿ ಕೆಳಗಿಳಿಯುತ್ತದೆ. ಉಸಿರಾಟ, ನುಂಗುವಿಕೆ ಮತ್ತು ಧ್ವನಿಯನ್ನು ನಿಯಂತ್ರಿಸುವ ಕೇಂದ್ರಗಳು ಇಲ್ಲಿಗೆ ಅತಿ ಸಮೀಪದಲ್ಲಿವೆ. ಮೆದುಳಿನ ಹಿಂಭಾಗಕ್ಕೆ ರಕ್ತವನ್ನು ಒಯ್ಯುವ ಎರಡು ವರ್ಟಿಬ್ರಲ್ ಅಪಧಮನಿಗಳೂ ಇದೇ ಮೂಳೆಗಳ ಮೂಲಕ ಸಾಗುತ್ತವೆ. ಆದುದರಿಂದ ಇಲ್ಲಿನ ಕೆಲವೇ ಮಿಲಿಮೀಟರುಗಳ ಸ್ಥಾನಪಲ್ಲಟವೂ ಗಂಭೀರ ಪರಿಣಾಮ ಬೀರಬಲ್ಲದು.

3. ನ್ಯೂನತೆಗಳ ವಿಧಗಳು

(ಅ) ಜನ್ಮಜಾತ ಅಥವಾ ಬೆಳವಣಿಗೆಯ ನ್ಯೂನತೆಗಳು

- ಅಟ್ಲಾಂಟೋ-ಆಕ್ಸಿಯಲ್ ಸ್ಥಾನಪಲ್ಲಟ: ಅಟ್ಲಾಸ್ ಮತ್ತು ಆಕ್ಸಿಸ್ ಮೂಳೆಗಳ ನಡುವಿನ ಹಿಡಿತ ಸಡಿಲಗೊಂಡು, ತಲೆ ಬಗ್ಗಿಸಿದಾಗ ಅಟ್ಲಾಸ್ ಮುಂದಕ್ಕೆ ಸರಿಯುತ್ತದೆ. ಬೆನ್ನುಹುರಿಯು ಒಡಾಂಟಾಯ್ಡ್ ಮತ್ತು ಅಟ್ಲಾಸ್‌ನ ಹಿಂಭಾಗದ ನಡುವೆ ಸಿಕ್ಕಿಕೊಳ್ಳುತ್ತದೆ.
- ಬೇಸಿಲಾರ್ ಇನ್‌ವ್ಯಾಜಿನೇಷನ್: ಒಡಾಂಟಾಯ್ಡ್ ತನ್ನ ಮಿತಿಯನ್ನು ಮೀರಿ ತಲೆಬುರುಡೆಯ ತಳದೊಳಕ್ಕೆ ಏರಿ ಮೆದುಳುಕಾಂಡವನ್ನು ಒತ್ತುತ್ತದೆ.
- ಅಟ್ಲಾಸ್ ಕೂಡಿಕೆ: ಅಟ್ಲಾಸ್ ಮೂಳೆಯು ತಲೆಬುರುಡೆಯಿಂದ ಬೇರ್ಪಡದೆ ಅದಕ್ಕೆ ಅಂಟಿಕೊಂಡಿರುತ್ತದೆ. ಇದರಿಂದ ಕೆಳಗಿನ ಕೀಲಿನ ಮೇಲೆ ಹೆಚ್ಚಿನ ಭಾರ ಬಿದ್ದು ಅದು ಕ್ರಮೇಣ ಸಡಿಲವಾಗಬಹುದು.
- ಆಸ್ ಒಡಾಂಟಾಯ್ಡಿಯಂ: ಒಡಾಂಟಾಯ್ಡ್ ಗೂಟವು ತನ್ನ ಬುಡದಿಂದ ಬೇರೆಯಾಗಿ ಬಿಡಿ ಮೂಳೆಯಂತೆ ಉಳಿದಿರುತ್ತದೆ.
- ಕ್ಲಿಪ್ಪೆಲ್-ಫೀಲ್ ನ್ಯೂನತೆ: ಕುತ್ತಿಗೆಯ ಎರಡು ಅಥವಾ ಹೆಚ್ಚು ಮೂಳೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಗಿಡ್ಡ ಕುತ್ತಿಗೆ, ಹಿಂಬದಿಯಲ್ಲಿ ಕೆಳಕ್ಕಿಳಿದ ಕೂದಲಿನ ಅಂಚು ಮತ್ತು ಕುತ್ತಿಗೆಯ ಸೀಮಿತ ಚಲನೆ ಇದರ ಪ್ರಸಿದ್ಧ ಚಿಹ್ನೆಗಳು. 1912ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರಿನಿಂದ ಇದನ್ನು ಗುರುತಿಸಲಾಗುತ್ತದೆ. ಮೂರೂ ಚಿಹ್ನೆಗಳು ಎಲ್ಲರಲ್ಲಿಯೂ ಇರುವುದಿಲ್ಲ.
- ಕಿಯಾರಿ ನ್ಯೂನತೆ: ಕಿರುಮೆದುಳಿನ ಕೆಳಭಾಗವು ಮಹಾರಂಧ್ರದ ಮೂಲಕ ಕೆಳಕ್ಕೆ ಇಳಿದಿರುತ್ತದೆ. ಇದರೊಂದಿಗೆ ಬೆನ್ನುಹುರಿಯೊಳಗೆ ನೀರು ತುಂಬಿದ ಕುಳಿ, ಅಂದರೆ ಸಿರಿಂಗೋಮೈಲಿಯಾ, ಉಂಟಾಗಬಹುದು.

ಒಬ್ಬರೇ ರೋಗಿಯಲ್ಲಿ ಇವುಗಳಲ್ಲಿ ಎರಡು ಮೂರು ನ್ಯೂನತೆಗಳು ಒಟ್ಟಿಗೆ ಇರುವುದು ಸಾಮಾನ್ಯ. ಡೌನ್ ಸಿಂಡ್ರೋಮ್, ಮಾರ್ಕಿಯೋ ಕಾಯಿಲೆ ಹಾಗೂ ಕೆಲವು ಕುಬ್ಜತೆಯ ಕಾಯಿಲೆಗಳುಳ್ಳ ಮಕ್ಕಳಲ್ಲಿ ಈ ಭಾಗವು ಸಡಿಲವಾಗಿರುವ ಸಂಭವ ಹೆಚ್ಚು.

(ಆ) ಅನಂತರ ಉಂಟಾಗುವ ತೊಂದರೆಗಳು

- ಬಹುಕಾಲದ ರುಮಟಾಯ್ಡ್ ಸಂಧಿವಾತದಿಂದ ಅಡ್ಡ ಅಸ್ಥಿರಜ್ಜು ಸವೆಯುವುದು.
- ಮೂಳೆಯ ಕ್ಷಯರೋಗ. ಇದು ಈ ಸ್ಥಳದಲ್ಲಿ ವಿರಳವಾದರೂ ಅಪಾಯಕಾರಿ.
- ರಸ್ತೆ ಅಪಘಾತ, ಮರದಿಂದ ಬೀಳುವುದು, ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಹಾರುವುದು ಮುಂತಾದವುಗಳಿಂದ ಆಗುವ ಮುರಿತ.
- ಮಕ್ಕಳಲ್ಲಿ ಗಂಟಲಿನ ಸೋಂಕಿನ ತರುವಾಯ ಕುತ್ತಿಗೆ ಒಂದು ಬದಿಗೆ ವಾಲಿ ನಿಲ್ಲುವುದು.
- ಗೆಡ್ಡೆಗಳು.

4. ಲಕ್ಷಣಗಳು

ಜನ್ಮಜಾತ ನ್ಯೂನತೆಯಿದ್ದರೂ ಲಕ್ಷಣಗಳು ಹುಟ್ಟಿದೊಡನೆ ಕಾಣಿಸಿಕೊಳ್ಳಬೇಕೆಂದಿಲ್ಲ. ಅನೇಕರಲ್ಲಿ ಅವು ಬಾಲ್ಯದ ಕೊನೆಯಲ್ಲಿ ಅಥವಾ ಯೌವನದಲ್ಲಿ ತೋರಿಬರುತ್ತವೆ. ಕೆಲವರಲ್ಲಿ ಸಣ್ಣದೊಂದು ಪೆಟ್ಟು ಅಥವಾ ಬೀಳುವಿಕೆಯ ನಂತರ ಮೊದಲ ಬಾರಿಗೆ ಪ್ರಕಟವಾಗುತ್ತವೆ. ಈ ಕೆಳಕಂಡ ಲಕ್ಷಣಗಳನ್ನು ಗಮನಿಸತಕ್ಕದ್ದು:

- ಹಿಂದಲೆ ಮತ್ತು ಕುತ್ತಿಗೆಯ ಮೇಲ್ಭಾಗದಲ್ಲಿ ನೋವು. ಕೆಮ್ಮಿದಾಗ, ಸೀನಿದಾಗ ಅಥವಾ ಮುಕ್ಕರಿದಾಗ ಹೆಚ್ಚಾಗುವ ತಲೆನೋವು.
- ಗಿಡ್ಡ ಕುತ್ತಿಗೆ, ಒಂದು ಬದಿಗೆ ವಾಲಿದ ತಲೆ, ಕುತ್ತಿಗೆಯನ್ನು ಪೂರ್ಣವಾಗಿ ತಿರುಗಿಸಲಾಗದಿರುವುದು.
- ಕೈಕಾಲುಗಳಲ್ಲಿ ಬಲಹೀನತೆ ಅಥವಾ ಸೆಟೆತ. ನಡೆಯುವಾಗ ಕಾಲು ಎಳೆಯುವುದು.
- ಅಂಗಿಯ ಗುಂಡಿ ಹಾಕುವುದು, ಅನ್ನ ಕಲಸುವುದು, ಬರೆಯುವುದು ಮುಂತಾದ ಕೈಕೆಲಸ ಕಷ್ಟವಾಗುವುದು.
- ಕಾಲಿನಿಂದ ಚಪ್ಪಲಿ ಜಾರಿದರೂ ಅರಿವಾಗದಿರುವುದು. ಕತ್ತಲೆಯಲ್ಲಿ ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುವುದು.
- ಕುತ್ತಿಗೆ ಬಗ್ಗಿಸಿದಾಗ ಬೆನ್ನಿನಲ್ಲಿ ಅಥವಾ ಕೈಕಾಲುಗಳಲ್ಲಿ ವಿದ್ಯುತ್ ಹರಿದಂತಹ ಅನುಭವ.
- ನುಂಗುವಾಗ ನೆತ್ತಿಗೇರುವುದು, ಕುಡಿದ ನೀರು ಮೂಗಿನಿಂದ ಬರುವುದು, ಧ್ವನಿ ಬದಲಾಗುವುದು.
- ತಲೆಸುತ್ತು, ದೃಷ್ಟಿ ಅಲುಗಾಡಿದಂತಾಗುವುದು, ನಿದ್ರೆಯಲ್ಲಿ ಉಸಿರು ಕಟ್ಟುವುದು.
- ಮೂತ್ರ ವಿಸರ್ಜನೆಯ ಮೇಲಿನ ಹಿಡಿತ ತಪ್ಪುವುದು.

ತುರ್ತು ಲಕ್ಷಣಗಳು: ಪೆಟ್ಟಿನ ನಂತರ ಕ್ಷಣಕಾಲವಾದರೂ ನಾಲ್ಕೂ ಕೈಕಾಲುಗಳು ಸ್ವಾಧೀನ ತಪ್ಪುವುದು, ದಿನದಿಂದ ದಿನಕ್ಕೆ ಬಲಹೀನತೆ ಹೆಚ್ಚುವುದು, ಉಸಿರಾಟದ ತೊಂದರೆ, ಮೂತ್ರ ಕಟ್ಟುವುದು. ಇಂತಹ ಸಂದರ್ಭದಲ್ಲಿ ಕುತ್ತಿಗೆಯನ್ನು ಅಲುಗಾಡಿಸದೆ 108 ಸಂಖ್ಯೆಗೆ ಕರೆ ಮಾಡಿ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಕ್ಷಣಕಾಲದ ಸ್ವಾಧೀನತಪ್ಪುವಿಕೆಯು ತಾನಾಗಿಯೇ ಸರಿಹೋದರೂ ಅದನ್ನು ಕಡೆಗಣಿಸಬಾರದು. ಮುಂದಿನ ಪೆಟ್ಟು ಶಾಶ್ವತ ಹಾನಿಯನ್ನುಂಟುಮಾಡಬಹುದು.

5. ಬೇರೆ ಕಾಯಿಲೆಯೆಂದು ಭಾವಿಸುವ ಸಾಧ್ಯತೆ

ಈ ನ್ಯೂನತೆಗಳ ಲಕ್ಷಣಗಳು ನಿಧಾನವಾಗಿ ಬೆಳೆಯುವುದರಿಂದಲೂ ಏರಿಳಿತವಾಗುವುದರಿಂದಲೂ ಅವನ್ನು ಕುತ್ತಿಗೆಯ ಸ್ಪಾಂಡಿಲೋಸಿಸ್, ಪಾರ್ಶ್ವವಾಯು, ನರದೌರ್ಬಲ್ಯ ಅಥವಾ ಮೈಗ್ರೇನ್ ಎಂದು ಭಾವಿಸುವ ಸಂಭವವಿದೆ. ಮಕ್ಕಳಲ್ಲಿ ನಡಿಗೆಯ ತೊಂದರೆಯನ್ನು ಹುಟ್ಟಿನಿಂದ ಬಂದ ಮೆದುಳಿನ ಪಾರ್ಶ್ವವಾಯುವೆಂದು ತಿಳಿದು ಕುತ್ತಿಗೆಯನ್ನು ಪರೀಕ್ಷಿಸದೇ ಬಿಡುವುದುಂಟು. ನೋವು ಇಲ್ಲದಿರುವುದು ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅನೇಕರಲ್ಲಿ ಬಲಹೀನತೆಯೇ ಮೊದಲು ಕಾಣಿಸುತ್ತದೆ.

ಸಂಧಿವಾತದ ರೋಗಿಗಳಲ್ಲಿ ಕೈಬೆರಳುಗಳ ವಿರೂಪ ಮತ್ತು ಕೀಲುನೋವು ಮೊದಲೇ ಇರುವುದರಿಂದ ಬೆನ್ನುಹುರಿಯ ಒತ್ತಡದಿಂದಾದ ಬಲಹೀನತೆಯು ಮರೆಯಾಗಿ ಉಳಿಯಬಹುದು. ನಡಿಗೆ ಅಥವಾ ಹಿಡಿತದಲ್ಲಿ ಹೊಸ ಬದಲಾವಣೆಯಾದಲ್ಲಿ ಅದನ್ನು ವೈದ್ಯರಿಗೆ ಪ್ರತ್ಯೇಕವಾಗಿ ತಿಳಿಸಬೇಕು.

6. ರೋಗನಿರ್ಣಯದ ಪರೀಕ್ಷೆಗಳು

(1) ವೈದ್ಯಕೀಯ ತಪಾಸಣೆ: ವೈದ್ಯರು ಸ್ನಾಯುಗಳ ಬಲ, ಸ್ಪರ್ಶಜ್ಞಾನ, ನಡಿಗೆ, ಪ್ರತಿವರ್ತನೆಗಳು, ನಾಲಗೆ ಹಾಗೂ ಗಂಟಲಿನ ಚಲನೆಯನ್ನು ಪರೀಕ್ಷಿಸುತ್ತಾರೆ. ಲಕ್ಷಣಗಳು ಯಾವಾಗ ಆರಂಭವಾದವು, ಪೆಟ್ಟು ಬಿದ್ದಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಗಿಡ್ಡ ಕುತ್ತಿಗೆ ಅಥವಾ ಇಂತಹ ತೊಂದರೆ ಇದೆಯೇ ಎಂಬುದನ್ನು ತಿಳಿಸಬೇಕು.

(2) ಎಕ್ಸ್-ರೇ: ಕುತ್ತಿಗೆಯ ಪಾರ್ಶ್ವನೋಟವನ್ನು ನೇರವಾಗಿಯೂ, ತಲೆಯನ್ನು ಮುಂದಕ್ಕೆ ಬಗ್ಗಿಸಿ ಹಾಗೂ ಹಿಂದಕ್ಕೆ ಬಾಗಿಸಿಯೂ ತೆಗೆಯಲಾಗುತ್ತದೆ. ನೇರ ಸ್ಥಿತಿಯಲ್ಲಿ ಸರಿಯಾಗಿ ಕಾಣುವ ಮೂಳೆಗಳು ಬಗ್ಗಿದಾಗ ಸರಿಯುವುದರಿಂದ ಒಂದೇ ಚಿತ್ರ ಸಾಲದು. ಈ ಚಲನೆಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಯು ತಾನೇ, ನೋವಾಗದಷ್ಟು ಮಾತ್ರ ಮಾಡಬೇಕು. ಬೇರೆಯವರು ತಲೆಯನ್ನು ಹಿಡಿದು ಬಗ್ಗಿಸಬಾರದು. ಹೊಸದಾಗಿ ಪೆಟ್ಟಾಗಿರುವವರಲ್ಲಿ ವೈದ್ಯರ ಸೂಚನೆಯಿಲ್ಲದೆ ಈ ಪರೀಕ್ಷೆ ಮಾಡತಕ್ಕದ್ದಲ್ಲ. ಅಗತ್ಯವಿದ್ದಲ್ಲಿ ಬಾಯಿ ತೆರೆಸಿ ಒಡಾಂಟಾಯ್ಡ್‌ನ ಚಿತ್ರವನ್ನೂ ತೆಗೆಯಲಾಗುತ್ತದೆ.

(3) ಸಿ.ಟಿ. ಸ್ಕ್ಯಾನ್: ಮೂಳೆಗಳ ಆಕಾರ, ಕೂಡಿಕೆ, ಮುರಿತ ಹಾಗೂ ಕೀಲುಗಳ ಸ್ಥಿತಿಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ವರ್ಟಿಬ್ರಲ್ ಅಪಧಮನಿಯ ಮಾರ್ಗವನ್ನು ತಿಳಿಯಲು ಸಿ.ಟಿ. ಆಂಜಿಯೋಗ್ರಾಂ ಮಾಡಿಸಲಾಗುತ್ತದೆ. ಜನ್ಮಜಾತ ನ್ಯೂನತೆಯುಳ್ಳವರಲ್ಲಿ ಈ ರಕ್ತನಾಳವು ಅಸಹಜ ಮಾರ್ಗದಲ್ಲಿ ಸಾಗುವ ಸಾಧ್ಯತೆ ಇರುತ್ತದೆ.

(4) ಎಂ.ಆರ್.ಐ. ಸ್ಕ್ಯಾನ್: ಮೆದುಳುಕಾಂಡ, ಬೆನ್ನುಹುರಿ ಮತ್ತು ಅಸ್ಥಿರಜ್ಜುಗಳನ್ನು ತೋರಿಸುತ್ತದೆ. ಒತ್ತಡದ ಪ್ರಮಾಣ, ಬೆನ್ನುಹುರಿಗೆ ಆಗಿರುವ ಹಾನಿ, ಕಿಯಾರಿ ನ್ಯೂನತೆ ಹಾಗೂ ಸಿರಿಂಗೋಮೈಲಿಯಾ ಇದರಿಂದ ತಿಳಿಯುತ್ತವೆ. ಪೇಸ್‌ಮೇಕರ್ ಅಥವಾ ಶರೀರದೊಳಗೆ ಲೋಹದ ಸಾಧನವುಳ್ಳವರು ಮುಂಚಿತವಾಗಿಯೇ ತಿಳಿಸತಕ್ಕದ್ದು.

(5) ಇತರೆ: ಕಾರಣವನ್ನು ಅನುಸರಿಸಿ ಸಂಧಿವಾತದ ರಕ್ತಪರೀಕ್ಷೆ, ಕ್ಷಯರೋಗದ ಪರೀಕ್ಷೆ, ನಿದ್ರೆಯ ಪರೀಕ್ಷೆ ಮುಂತಾದವು ಬೇಕಾಗಬಹುದು.

ಗರ್ಭಿಣಿಯರು ಎಕ್ಸ್-ರೇ ಮತ್ತು ಸಿ.ಟಿ. ಪರೀಕ್ಷೆಗೆ ಮುನ್ನ ಆ ವಿಷಯವನ್ನು ತಪ್ಪದೆ ತಿಳಿಸಬೇಕು.

7. ವರದಿಯಲ್ಲಿ ಬರುವ ಅಳತೆಗಳ ಅರ್ಥ

- ಅಟ್ಲಾಂಟೋ-ಡೆಂಟಲ್ ಅಂತರ: ಅಟ್ಲಾಸ್‌ನ ಮುಂಭಾಗ ಮತ್ತು ಒಡಾಂಟಾಯ್ಡ್ ನಡುವಿನ ಅಂತರ. ವಯಸ್ಕರಲ್ಲಿ 3 ಮಿ.ಮೀ.ಗಿಂತ, ಮಕ್ಕಳಲ್ಲಿ 5 ಮಿ.ಮೀ.ಗಿಂತ ಹೆಚ್ಚಾಗಿದ್ದಲ್ಲಿ ಸಾಮಾನ್ಯವಾಗಿ ಅಸಹಜವೆಂದು ಪರಿಗಣಿಸಲಾಗುತ್ತದೆ.
- ಚೇಂಬರ್ಲೇನ್ ರೇಖೆ: 1939ರಿಂದ ಬಳಕೆಯಲ್ಲಿರುವ ಈ ರೇಖೆಯನ್ನು ಗಟ್ಟಿ ಅಂಗಳದ ಹಿಂತುದಿಯಿಂದ ಮಹಾರಂಧ್ರದ ಹಿಂದಿನ ಅಂಚಿಗೆ ಎಳೆಯಲಾಗುತ್ತದೆ. ಒಡಾಂಟಾಯ್ಡ್ ತುದಿಯು ಈ ರೇಖೆಯ ಮೇಲೆ 5 ಮಿ.ಮೀ.ಗಿಂತ ಹೆಚ್ಚು ಏರಿದ್ದಲ್ಲಿ ಬೇಸಿಲಾರ್ ಇನ್‌ವ್ಯಾಜಿನೇಷನ್ ಇರುವುದನ್ನು ಸೂಚಿಸುತ್ತದೆ.
- ಕಿರುಮೆದುಳಿನ ಇಳಿತ: ಕಿರುಮೆದುಳಿನ ಕೆಳತುದಿಯು ಮಹಾರಂಧ್ರದಿಂದ 5 ಮಿ.ಮೀ. ಅಥವಾ ಅದಕ್ಕಿಂತ ಕೆಳಗಿದ್ದಲ್ಲಿ ಕಿಯಾರಿ ನ್ಯೂನತೆಯೆಂದು ಹೇಳುವುದು ರೂಢಿ.

ಈ ಅಂಕಿಗಳು ಮಾರ್ಗದರ್ಶಕ ಮಾತ್ರ. ಅಳತೆ ಹೆಚ್ಚಿದ್ದರೂ ಯಾವುದೇ ತೊಂದರೆಯಿಲ್ಲದವರಿದ್ದಾರೆ; ಅಳತೆ ಸ್ವಲ್ಪವೇ ವ್ಯತ್ಯಾಸವಾಗಿದ್ದರೂ ಬೆನ್ನುಹುರಿ ಒತ್ತಲ್ಪಟ್ಟವರಿದ್ದಾರೆ. ಮಕ್ಕಳಲ್ಲಿ ಒಡಾಂಟಾಯ್ಡ್ ಬುಡವು ಸುಮಾರು 6 ವರ್ಷದ ಹೊತ್ತಿಗೆ, ತುದಿಯು ಸುಮಾರು 12 ವರ್ಷದ ಹೊತ್ತಿಗೆ ಕೂಡಿಕೊಳ್ಳುವುದರಿಂದ ಸಹಜವಾದ ಸಂದುಗಳು ಮುರಿತದಂತೆ ಕಾಣಬಹುದು. ಆದುದರಿಂದ ವರದಿಯನ್ನು ಓದಿ ತಾವೇ ತೀರ್ಮಾನಕ್ಕೆ ಬರದೆ, ಚಿತ್ರಗಳ ಸಮೇತ ತಜ್ಞರನ್ನು ಕಾಣುವುದು ಸೂಕ್ತ.

8. ಚಿಕಿತ್ಸೆ

ಚಿಕಿತ್ಸೆಯು ನ್ಯೂನತೆಯ ವಿಧ, ಮೂಳೆಗಳ ಸಡಿಲತೆ ಹಾಗೂ ಬೆನ್ನುಹುರಿಯ ಸ್ಥಿತಿಯನ್ನು ಅವಲಂಬಿಸಿದೆ. ಸಡಿಲತೆಯಾಗಲೀ ಒತ್ತಡವಾಗಲೀ ಇಲ್ಲದೆ ಆಕಸ್ಮಿಕವಾಗಿ ಪತ್ತೆಯಾದ ನ್ಯೂನತೆಗೆ ನಿಯತಕಾಲಿಕ ತಪಾಸಣೆ ಸಾಕಾಗಬಹುದು. ಕ್ಷಯರೋಗದಿಂದಾದ ತೊಂದರೆಗೆ ಔಷಧೋಪಚಾರವೇ ಮುಖ್ಯ. ಜೊತೆಗೆ ಕುತ್ತಿಗೆಗೆ ಪಟ್ಟಿ ಅಥವಾ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಸಡಿಲಗೊಂಡ ಮೂಳೆಗಳನ್ನು ಸರಿಯಾದ ಸ್ಥಾನಕ್ಕೆ ತಂದು ಸ್ಕ್ರೂ ಮತ್ತು ಪಟ್ಟಿ ಅಥವಾ ಸರಳುಗಳಿಂದ ಬಂಧಿಸುವುದು ಪ್ರಮುಖ ಶಸ್ತ್ರಚಿಕಿತ್ಸೆ. ಅಟ್ಲಾಸ್ ಮತ್ತು ಆಕ್ಸಿಸ್ ಮೂಳೆಗಳಿಗೆ ಪಟ್ಟಿ ಮತ್ತು ಸ್ಕ್ರೂ ಅಳವಡಿಸುವ ವಿಧಾನವನ್ನು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಅತುಲ್ ಗೋಯಲ್ ಮತ್ತು ಅವರ ಸಹೋದ್ಯೋಗಿಯು 1994ರಲ್ಲಿ ಪ್ರಕಟಿಸಿದರು. ಈ ವಿಧಾನವು ಇಂದು ಪ್ರಪಂಚದ ಹಲವೆಡೆ ಬಳಕೆಯಲ್ಲಿದೆ. ಕಿಯಾರಿ ನ್ಯೂನತೆಯಲ್ಲಿ ಮಹಾರಂಧ್ರವನ್ನು ಹಿಗ್ಗಿಸಿ ಒತ್ತಡ ಕಡಿಮೆ ಮಾಡಲಾಗುತ್ತದೆ. ಮೂಳೆಯನ್ನು ಸ್ಥಾನಕ್ಕೆ ತರಲು ಸಾಧ್ಯವಾಗದ ಕೆಲವರಲ್ಲಿ ಬಾಯಿ ಅಥವಾ ಮೂಗಿನ ಮೂಲಕ ಒಡಾಂಟಾಯ್ಡ್ ತೆಗೆಯಬೇಕಾಗುತ್ತದೆ.

ಎರಡು ಮೂಳೆಗಳನ್ನು ಬಂಧಿಸಿದ ನಂತರ ತಲೆಯನ್ನು ಪಕ್ಕಕ್ಕೆ ತಿರುಗಿಸುವ ಶಕ್ತಿ ಗಣನೀಯವಾಗಿ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಮತ್ತು ನರಗಳಿಗೆ ಹಾನಿ, ಸೋಂಕು ಮುಂತಾದ ಅಪಾಯಗಳೂ ಇವೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಇವುಗಳನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು. ನಡೆದಾಡುವ ಸ್ಥಿತಿಯಲ್ಲಿರುವಾಗಲೇ ಚಿಕಿತ್ಸೆ ಪಡೆದವರಲ್ಲಿ ಚೇತರಿಕೆಯ ಸಾಧ್ಯತೆ ಹೆಚ್ಚು. ಬಹುಕಾಲದಿಂದ ಹಾಸಿಗೆ ಹಿಡಿದವರಲ್ಲಿ ರೋಗದ ಮುನ್ನಡೆಯನ್ನು ತಡೆಯುವುದಷ್ಟೇ ಸಾಧ್ಯವಾಗಬಹುದು.

9. ಮುನ್ನೆಚ್ಚರಿಕೆಗಳು

- ಕ್ಷೌರದ ಅಂಗಡಿಯಲ್ಲಾಗಲೀ ಬೇರೆಡೆಯಲ್ಲಾಗಲೀ ಕುತ್ತಿಗೆಯನ್ನು ತಿರುವಿ ನೆಟಿಗೆ ತೆಗೆಸಬಾರದು. ರೋಗನಿರ್ಣಯವಾಗದೆ ಕುತ್ತಿಗೆಯನ್ನು ಎಳೆಸುವುದು, ಉಜ್ಜಿಸುವುದು ಅಪಾಯಕಾರಿ.
- ಸಡಿಲತೆ ಇರುವವರು ತಲೆಯ ಮೇಲೆ ಸೌದೆ, ನೀರಿನ ಕೊಡ, ಮೂಟೆ ಹೊರಬಾರದು. ಶೀರ್ಷಾಸನ, ಲಾಗ, ಕುಸ್ತಿ, ಕಬಡ್ಡಿ ಮುಂತಾದವುಗಳಿಂದ ದೂರವಿರಬೇಕು.
- ಹಲ್ಲು ಅಥವಾ ಇನ್ನಾವುದೇ ಶಸ್ತ್ರಚಿಕಿತ್ಸೆಗೆ ಹೋದಾಗ ಅರಿವಳಿಕೆ ವೈದ್ಯರಿಗೆ ಈ ನ್ಯೂನತೆಯನ್ನು ಮೊದಲೇ ತಿಳಿಸಬೇಕು. ಉಸಿರಾಟದ ನಳಿಕೆ ಹಾಕುವಾಗ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುವುದರಿಂದ ಬೆನ್ನುಹುರಿಗೆ ಹಾನಿಯಾಗಬಹುದು.
- ಡೌನ್ ಸಿಂಡ್ರೋಮ್ ಇರುವ ಮಕ್ಕಳ ನಡಿಗೆ, ಕುತ್ತಿಗೆಯ ಭಂಗಿ ಮತ್ತು ಮೂತ್ರದ ಹಿಡಿತದಲ್ಲಿ ಬದಲಾವಣೆ ಕಂಡಲ್ಲಿ ಪೋಷಕರು ಕೂಡಲೇ ವೈದ್ಯರನ್ನು ಕಾಣಬೇಕು.

10. ಸೌಲಭ್ಯಗಳನ್ನು ಪಡೆಯುವ ಕ್ರಮ

(ಅ) ಮೊದಲ ತಪಾಸಣೆ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಅಲ್ಲಿಂದ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಶಿಫಾರಸು ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ ಮತ್ತು ನರಶಸ್ತ್ರಚಿಕಿತ್ಸಾ ವಿಭಾಗಗಳಿವೆ.

(ಆ) ಮಕ್ಕಳಿಗೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಗಿದ್ದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡಲಾಗುತ್ತದೆ. ಪೋಷಕರು ಮಗುವಿನ ಕುತ್ತಿಗೆ ಅಥವಾ ನಡಿಗೆಯ ತೊಂದರೆಯನ್ನು ತಂಡದ ಗಮನಕ್ಕೆ ತರಬೇಕು.

(ಇ) ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಅರ್ಹತಾ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವು ದೊರೆಯುತ್ತದೆ. ಸಾಮಾನ್ಯ ವರ್ಗದ ಕುಟುಂಬಗಳಿಗೆ ಸರ್ಕಾರವು ನಿಗದಿಪಡಿಸಿದ ದರದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಅವಶ್ಯಕ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರದ ಅಗತ್ಯವಿಲ್ಲ. ದಾಖಲಾಗುವ ಮುನ್ನ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಚಿಕಿತ್ಸೆಯು ಯೋಜನೆಯ ವ್ಯಾಪ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

(ಈ) ಕ್ಷಯರೋಗಿಗಳಿಗೆ: ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಔಷಧಗಳು ಉಚಿತ. ನಿಕ್ಷಯ್ ಪೋಷಣ್ ಯೋಜನೆಯ ಮಾಸಿಕ ನೆರವನ್ನು 2024ರ ನವೆಂಬರ್‌ನಿಂದ ರೂ. 500ರಿಂದ ರೂ. 1000ಕ್ಕೆ ಹೆಚ್ಚಿಸಲಾಗಿದೆ.

(ಉ) ವಿಕಲಚೇತನರ ಪ್ರಮಾಣಪತ್ರ: ಚಿಕಿತ್ಸೆಯ ನಂತರವೂ ಬಲಹೀನತೆ ಉಳಿದವರು ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಅಡಿಯಲ್ಲಿ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗಾಗಿ ಯು.ಡಿ.ಐ.ಡಿ. ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಶೇ. 40ಕ್ಕಿಂತ ಕಡಿಮೆಯಿಲ್ಲದ ವಿಕಲತೆ ಪ್ರಮಾಣೀಕೃತವಾಗಿರಬೇಕು. ಮಾಸಾಶನಕ್ಕಾಗಿ ನಾಡಕಚೇರಿಯಲ್ಲಿ ವಿಚಾರಿಸಬಹುದು.

ಆಸ್ಪತ್ರೆಗೆ ತರಬೇಕಾದ ದಾಖಲೆಗಳು:

- ಆಧಾರ್ ಮತ್ತು ಪಡಿತರ ಚೀಟಿಯ ಮೂಲ ಹಾಗೂ ನಕಲು ಪ್ರತಿ
- ಶಿಫಾರಸು ಪತ್ರ
- ಹಿಂದಿನ ಎಲ್ಲಾ ವೈದ್ಯಕೀಯ ಚೀಟಿಗಳು, ಬಿಡುಗಡೆ ಸಾರಾಂಶ
- ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಫಿಲ್ಮುಗಳು ಮತ್ತು ಸಿ.ಡಿ.; ವರದಿ ಮಾತ್ರ ಸಾಲದು
- ಸೇವಿಸುತ್ತಿರುವ ಔಷಧಗಳ ಪಟ್ಟಿ

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಿಡ್ಡ ಕುತ್ತಿಗೆ ಇರುವವರೆಲ್ಲರಿಗೂ ಈ ರೋಗವಿದೆಯೇ?
ಉತ್ತರ: ಇಲ್ಲ. ಆದರೆ ಅದರೊಂದಿಗೆ ಕುತ್ತಿಗೆಯ ಚಲನೆ ಕಡಿಮೆಯಿದ್ದರೆ ಅಥವಾ ಕೈಕಾಲುಗಳ ತೊಂದರೆಯಿದ್ದರೆ ಪರೀಕ್ಷೆ ಅಗತ್ಯ.

ಪ್ರಶ್ನೆ: ಎಕ್ಸ್-ರೇ ಸರಿಯಾಗಿದೆಯೆಂದು ಬಂದಿದೆ. ಇನ್ನೂ ಪರೀಕ್ಷೆ ಬೇಕೆ?
ಉತ್ತರ: ನೇರ ಸ್ಥಿತಿಯ ಒಂದೇ ಚಿತ್ರದಲ್ಲಿ ಸಡಿಲತೆ ಕಾಣದಿರಬಹುದು. ಎಕ್ಸ್-ರೇಯಲ್ಲಿ ಬೆನ್ನುಹುರಿಯೂ ಕಾಣುವುದಿಲ್ಲ. ಲಕ್ಷಣಗಳು ಮುಂದುವರಿದಲ್ಲಿ ತಜ್ಞರ ಸಲಹೆ ಪಡೆಯತಕ್ಕದ್ದು.

ಪ್ರಶ್ನೆ: ಕುತ್ತಿಗೆಗೆ ಪಟ್ಟಿ ಹಾಕಿದರೆ ರೋಗ ಗುಣವಾಗುತ್ತದೆಯೇ?
ಉತ್ತರ: ಪಟ್ಟಿಯು ಚಲನೆಯನ್ನು ತಗ್ಗಿಸುತ್ತದೆಯೇ ಹೊರತು ಜನ್ಮಜಾತ ನ್ಯೂನತೆಯನ್ನು ಸರಿಪಡಿಸುವುದಿಲ್ಲ. ಶಸ್ತ್ರಚಿಕಿತ್ಸೆ ಸೂಚಿಸಿದ್ದಲ್ಲಿ ಪಟ್ಟಿಯನ್ನು ನಂಬಿ ಮುಂದೂಡುವುದು ಸರಿಯಲ್ಲ.

ಪ್ರಶ್ನೆ: ಶಸ್ತ್ರಚಿಕಿತ್ಸೆಯ ನಂತರ ಕೆಲಸಕ್ಕೆ ಹೋಗಬಹುದೇ?
ಉತ್ತರ: ಅನೇಕರು ಹೋಗುತ್ತಾರೆ. ಮೂಳೆಗಳು ಕೂಡಿಕೊಂಡಿರುವುದನ್ನು ವೈದ್ಯರು ಖಚಿತಪಡಿಸಿದ ನಂತರವೇ ವಾಹನ ಚಾಲನೆ ಮತ್ತು ಶ್ರಮದ ಕೆಲಸ ಆರಂಭಿಸಬೇಕು.

ವಿಶೇಷ ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದ್ದು, ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿದಾರರು ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಆಸ್ಪತ್ರೆ ಅಥವಾ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.